ಕುಸ್ತಿಗೆ ಚುಕ್ಕಿ ಕೊಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಪುಣೆ ಹತ್ತಿರದ ಚಿಂಚವಾಡ ಸ್ಟೇಶನ್ನಿನ ಮೆಟ್ಟಿಲುಗಳ ಮೇಲೆ, ದಿನಕರ್ಮಗಳೆಲ್ಲ ಮುಗಿದು ಹೋದ ಮೇಲೆ. ಅವರ ಫ್ಯಾಕ್ಟರಿಯ ಹಳೆಯ ಜೊತೆಗಾರರೊಬ್ಬರು ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿದ್ದರು. "ನಿಮ್ಮ ಕುಸ್ತಿ ಕಾಕಾ ಹೋದ್ರಲ್ರಿ, ತಿಳೀಲಿಲ್ಲೇನು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಓಡಿದರು. ನಾನೂ ಕಾಕಾರೂ ಜೊತೆಗೆ ದುಡಿದ ಮರಾಠಿ ಸಂಜೆಪತ್ರಿಕೆ ಅಷ್ಟೊತ್ತಿಗೆ ಮುಚ್ಚಿತ್ತು. ಮುಚ್ಚದಿದ್ದರೂ ಅವರ ಬಗ್ಗೆ ನಾಲ್ಕು ಸಾಲು ಬರುತ್ತಿತ್ತೆಂದು ಹೇಳಲಾರೆ. ಒಂದು ಕಾಲಕ್ಕೆ ಪಿಂಪ್ರಿಯ ಕಟಿಂಗ್ ಸಲೂನುಗಳಲ್ಲಿ ಜನ ಎಲ್ಲಕ್ಕಿಂತ ಮೊದಲು ಓದುತ್ತಿದ್ದದ್ದು ಅವರ ಅಂಕಣವನ್ನು. ಆ ಅಂಕಣಕ್ಕೆ ಅವರು ಯಾವತ್ತೂ ತಮ್ಮ ಹೆಸರು ಹಾಕಲಿಲ್ಲ. ಈಗ ನಾನು ಹಾಕುವುದು ಸರಿಯಲ್ಲ.

ಅಥಣಿ ಕಡೆಯವರು. ಪಿಂಪ್ರಿಯ ಒಂದು ಫ್ಯಾಕ್ಟರಿಯಲ್ಲಿ ಟೈಮ್ ಆಫೀಸಿನ ಗುಮಾಸ್ತರು. ಹರೆಯದಲ್ಲಿ ತಾಲೀಮಿನ ಮಣ್ಣಿನಲ್ಲಿ ಹೊರಳಾಡಿದ್ದಕ್ಕೆ ಗುರುತಾಗಿ ಎರಡೂ ಕಿವಿಗಳು ಮುದುಡಿ ಗಂಟಾಗಿದ್ದವು. ಎಡಗಡೆ ತಿರುಗುವಾಗ ಕುತ್ತಿಗೆಯ ಜೊತೆಗೆ ಹೆಗಲೂ ತಿರುಗುತ್ತಿತ್ತು. ಕೆಲಸ ಮುಗಿಸಿ ಸಂಜೆ ನಮ್ಮ ಆಫೀಸಿಗೆ ಬಂದು, ಮೇಜಿನ ತುದಿಗೆ ಕೂತು, ಜಿಲ್ಲೆಯ ಕುಸ್ತಿಗಳ ವರದಿ ಬರೆದು ಕೊಡುತ್ತಿದ್ದರು. ಕ್ರೀಡಾಪುಟ ನೋಡಿಕೊಳ್ಳುತ್ತಿದ್ದ ನಾನು ವಿಜಾಪುರದವನೆಂದು ತಿಳಿದ ದಿನದಿಂದ ನನ್ನ ಜೊತೆ ಮರಾಠಿಯಲ್ಲಿ ಒಂದು ಮಾತೂ ಆಡಲಿಲ್ಲ.

ಅವರು ಕುಸ್ತಿ ನೋಡುವ ರೀತಿ ಬೇರೆಯೇ ಇತ್ತು. ಕಣಕ್ಕಿಂತ ಹೆಚ್ಚಾಗಿ ಜನರನ್ನು ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತು ಹಿಂದೆ ಹೊರಳಿ ನೋಡುವ ಈ ಮನುಷ್ಯನನ್ನು ಕಂಡು ಅನೇಕರು ತಪ್ಪು ತಿಳಿದಿದ್ದರು. "ಪಟ್ಟು ಬಿಗಿ ಬಿತ್ತಂದ್ರ ನೋಡಾವ್ರ ಮಾರಿ ಮ್ಯಾಲ ಬೀಳತೈತಪಾ. ಅಲ್ಲಿ ಬೀಳಲಿಲ್ಲಂದ್ರ ಎಲ್ಲಿನೂ ಬಿದ್ದಿಲ್ಲ" ಎಂದು ನನಗೆ ಹೇಳಿದ್ದರು.

ತೊಂಬತ್ತರ ದಶಕದ ನಡುವೆ ಪಿಂಪ್ರಿ-ಚಿಂಚವಾಡದ ಚಾಳುಗಳಿಗೆ ಕೇಬಲ್ ಬಂತು. ಅದರ ಜೊತೆ ಅಮೆರಿಕದ ಕುಸ್ತಿಯೂ ಬಂತು. ಬಣ್ಣದ ಚಡ್ಡಿ, ಮುಖಕ್ಕೆ ಮುಖವಾಡ, ಕಿವಿ ಒಡೆಯುವ ಸಂಗೀತ, ಕುರ್ಚಿ ಎತ್ತಿ ಬೆನ್ನಿಗೆ ಹೊಡೆಯುವ ದೈತ್ಯರು. ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತು ಮಾಡಿಕೊಂಡು ಆಡುವ ಆಟ. ಆದರೂ ಜನಕ್ಕೆ ಹುಚ್ಚು ಹಿಡಿಯಿತು. ನಮ್ಮ ಸಂಪಾದಕರು ಕಾಕಾರನ್ನು ಕರೆದು, ಅದರ ಬಗ್ಗೆ ವಾರಕ್ಕೊಮ್ಮೆ ಬರೆಯಿರಿ ಎಂದರು. "ಅದು ಕುಸ್ತಿ ಅಲ್ಲ, ಸೋಗು" ಎಂದು ಇವರು ಎದ್ದು ಬಂದರು. ಆಮೇಲೆ ಒಂದು ತಿಂಗಳು ಪಕ್ಕದ ಮನೆಯಲ್ಲಿ ಕೂತು ಅದನ್ನೇ ನೋಡಿದರಂತೆ. ಒಂದು ಸಂಜೆ ಬಂದು ನನ್ನ ಮುಂದೆ ಕೂತು ಹೇಳಿದರು.

"ಸೋಗ ಖರೆ. ಆದ್ರ ಸೋಗಿನ್ಯಾಗೂ ಚಲೋದು, ಕೆಟ್ಟದ್ದು ಅಂತ ಐತಿ ತಮ್ಮಾ. ಬರೀತೀನಿ."

ಹೀಗೆ ಆ ಅಂಕಣ ಶುರುವಾಯಿತು. ಪ್ರತಿ ಪಂದ್ಯಕ್ಕೂ ಐದರಲ್ಲಿ ಇಷ್ಟು ಚುಕ್ಕಿ ಎಂದು ಕೊಡುವುದನ್ನೂ ಅವರೇ ಹುಡುಕಿಕೊಂಡರು. ನಮ್ಮ ಪ್ರೂಫ್ ನೋಡುವವರು ಒಮ್ಮೆ ಕೆಣಕಿದರು: ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿದ್ದ ಮೇಲೆ ಇದಕ್ಕೆ ಅಂಕ ಹಾಕುವುದೇನು? ಕಾಕಾ ಸಿಟ್ಟಾಗಲಿಲ್ಲ. ಬಯಲಾಟದಲ್ಲಿ ರಾಕ್ಷಸ ಸಾಯುತ್ತಾನೆಂದು ಊರಿಗೆಲ್ಲ ಗೊತ್ತಿರುತ್ತದೆ, ಆದರೂ ಜನ ಎದ್ದು ಹೋಗುವುದಿಲ್ಲ, ಹೇಗೆ ಸಾಯುತ್ತಾನೆ ಎಂದು ನೋಡಲು ಕೂತಿರುತ್ತಾರೆ ಎಂದರು. ಪ್ರೂಫಿನವರು ತಲೆದೂಗಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಚುಕ್ಕಿ ಕೊಡುವಾಗ ಅವರು ನೋಡುತ್ತಿದ್ದದ್ದು ಗೆದ್ದವನನ್ನಲ್ಲ. ಸೋತವನನ್ನು. ಏಟು ತಿಂದವನು ಅದನ್ನು ಹೇಗೆ ತಿಂದ, ಬಿದ್ದವನು ಯಾವ ಪಕ್ಕೆ ಹಿಡಿದುಕೊಂಡ, ಮುಂದಿನ ಏಟು ತಿನ್ನುವಾಗ ಅದೇ ಪಕ್ಕೆ ನೆನಪಿತ್ತೋ ಮರೆತನೋ. ಇಬ್ಬರೂ ಕೂಡಿ ಒಂದು ಕಥೆ ಹೇಳುತ್ತಿದ್ದಾರೆ, ಅದರಲ್ಲಿ ಸೋಲುವವನ ಪಾಲೇ ದೊಡ್ಡದು ಎನ್ನುವುದು ಅವರ ವಾದ. ಎದುರಾಳಿಯ ಮೈಗೆ ನಿಜವಾಗಿ ಪೆಟ್ಟಾಗುವ ಹಾಗೆ ಆಡಿದವನಿಗೆ ಎಂಥ ಹೆಸರಿದ್ದರೂ ಒಂದು ಚುಕ್ಕಿ ಕಡಿತ. ಐದು ಚುಕ್ಕಿ ಯಾರಿಗೂ ಕೊಟ್ಟದ್ದು ನಾನು ಕಾಣೆ. ನಾಲ್ಕು ಕೊಟ್ಟ ವಾರ ಸಲೂನುಗಳಲ್ಲಿ ಅದೇ ಮಾತು.

ಅಳೆಯುವ ಈ ಚಟ ಅಲ್ಲಿಗೇ ನಿಲ್ಲಲಿಲ್ಲ. ಸಾಸವಡದಲ್ಲಿ ಅವರ ಸಂಬಂಧಿಕರ ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಬೀಗರಿಬ್ಬರು ಜಗಳ ತೆಗೆದು, ಒಬ್ಬರು ಎಲೆ ಬಿಟ್ಟು ಎದ್ದು ಹೊರಟರು, ಬಾಗಿಲವರೆಗೆ ಹೋಗಿ ಯಾರಾದರೂ ಕರೆಯುತ್ತಾರೇನೋ ಎಂದು ನಿಂತರು. ಕಾಕಾ ನನ್ನ ಕಿವಿಯಲ್ಲಿ "ಎರಡೂವರಿ" ಎಂದರು. ಎದುರು ಬಡಿಸುತ್ತಿದ್ದ ಅವರ ಹೆಂಡತಿ ಕಾಕುಗೆ ಕೇಳಿಸಿತು. "ನನ್ನ ಅಡಗಿಗೂ ಕೊಟ್ಟಬಿಡ್ರಿ ಒಮ್ಮೆ" ಎಂದರು ಅವರು. "ಅಷ್ಟ ಧೈರ್ಯ ಇದ್ರ ನಾ ಕುಸ್ತಿ ಯಾಕ ಬಿಡತಿದ್ದೆ" ಎಂದು ಇವರು ತಲೆ ತಗ್ಗಿಸಿ ಉಂಡರು.

ಎರಡು ಸಾವಿರದ ಇಸವಿಯ ನಂತರ ಚಿಂಚವಾಡದ ಒಬ್ಬ ಜಿಮ್ ಮಾಲಕ ಊರ ಹುಡುಗರನ್ನೇ ಕಟ್ಟಿಕೊಂಡು ಅಮೆರಿಕದ ಮಾದರಿಯ ಕುಸ್ತಿ ಆಡಿಸತೊಡಗಿದ. ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪ್ಲೈವುಡ್ಡು, ತೆಳ್ಳಗಿನ ಫೋಮು, ಮೇಲೆ ತಾಡಪತ್ರಿ. ಅದು ರಿಂಗ್. ಸುತ್ತ ಹಗ್ಗ, ಒಂದು ಮೂಲೆಯಲ್ಲಿ ಲೈಟು ಕಟ್ಟಲು ಬಿದಿರಿನ ಅಟ್ಟ. ಕಾಕಾರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಶಾಲು ಹೊದಿಸಿ ಕೂರಿಸಿದರು. ಮರುದಿನ ಅಂಕಣದಲ್ಲಿ ಇಡೀ ಆಟಕ್ಕೆ ಅರ್ಧ ಚುಕ್ಕಿ. ಎಲ್ಲರೂ ಗೆಲ್ಲಲು ಬಂದಿದ್ದಾರೆ, ಸೋಲಲು ಯಾರೂ ಕಲಿತು ಬಂದಿಲ್ಲ ಎಂದು ಬರೆದಿದ್ದರು.

ಮಾಲಕ ಫೋನಿನಲ್ಲಿ ಕೂಗಾಡಿದ. ಆದರೆ ಎರಡು ದಿನ ಬಿಟ್ಟು ಒಬ್ಬ ಆಳು ಆಫೀಸಿನ ಬಾಗಿಲಲ್ಲಿ ಬಂದು ನಿಂತ. ಇಪ್ಪತ್ತೈದರ ಆಸುಪಾಸು. ಎತ್ತರದ ಮೈ, ತಲೆಗೂದಲಲ್ಲಿ ಸಿಮೆಂಟಿನ ಧೂಳು. ಹರಕು ಮರಾಠಿಯಲ್ಲಿ ಕುಸ್ತಿ ಬರೆಯುವವರು ಯಾರೆಂದು ಕೇಳಿದ. ಆ ಉಚ್ಚಾರ ಕೇಳಿದ್ದೇ ಕಾಕಾ ತಲೆಯೆತ್ತಿದರು.

"ಎಲ್ಲ್ಯಾವಪಾ ನೀ?"

"ಸೇಡಂ ಕಡೆಯಾಂವ್ರಿ." ಅವನ ಮುಖ ಅರಳಿತು. "ಶರಣಪ್ಪ ಅಂತಾರ್ರಿ. ಹಿಂಜವಾಡ್ಯಾಗ ಕಂಪನಿ ಬಿಲ್ಡಿಂಗ್ ಏಳ್ಲಾಕತ್ತಾವಲ್ರಿ, ಅಲ್ಲಿ ಸೆಂಟ್ರಿಂಗ್ ಕೆಲ್ಸ. ಆ ಮುಖವಾಡದ ತೂಫಾನ ಇದ್ನಲ್ರಿ, ಅಂವ ನಾನೇ."

"ನಾ ಅರ್ಧ ಕೊಟ್ಟಾವ."

"ಹೌದ್ರಿ. ಉಳಿದ ನಾಕೂವರಿ ಎಲ್ಲಿ ಹೋಯ್ತು, ಅದ್ನ ಕೇಳ್ಲಾಕ ಬಂದೀನಿ."

ಕಾಕಾ ನಕ್ಕರು. ಅವರು ಹಾಗೆ ಮನಸಾರೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಅಲ್ಲಿಂದ ಶರಣಪ್ಪ ಆದಿತವಾರ ಆದಿತವಾರ ಅವರ ಮನೆಗೆ ಬರತೊಡಗಿದ. ಇಬ್ಬರೂ ಟಿವಿಯ ಮುಂದೆ ಕೂತು ಹಳೆಯ ಕ್ಯಾಸೆಟ್ಟುಗಳನ್ನು ಹಾಕಿ, ನಿಲ್ಲಿಸಿ, ಹಿಂದೆ ಓಡಿಸಿ ನೋಡುತ್ತಿದ್ದರು. ಮಂಚದ ಹಾಸಿಗೆ ನೆಲಕ್ಕೆ ಬರುತ್ತಿತ್ತು. ಕಾಕಾ ಪ್ಯಾಂಟು ಮಡಚಿ, ಐವತ್ತು ದಾಟಿದ ಮೈಯಿಂದ ಅವನಿಗೆ ಬೀಳುವುದನ್ನು ತೋರಿಸುತ್ತಿದ್ದರು. ಗದ್ದ ಎದೆಗೆ ಒತ್ತಿಕೊಂಡು, ಎರಡೂ ಕೈ ಅಗಲಿಸಿ ನೆಲಕ್ಕೆ ಬಡಿದು ಬೀಳಬೇಕು. ಎದ್ದು ನಿಲ್ಲುವ ಮೊದಲು ಒಂದು ಗಳಿಗೆ ಎಲ್ಲಿದ್ದೇನೆಂದು ಮರೆತವನ ಹಾಗೆ ನೋಡಬೇಕು. ಕೆಳಗಿನ ಮನೆಯವರು ಬಂದು ಏನಾಯಿತೆಂದು ಕೇಳಿದರೆ ಕಾಕು "ಇವ್ರು ಸೋಲೂದು ಕಲಸಾಕತ್ತಾರ್ರಿ" ಎಂದು ಹೇಳಿ ಕಳಿಸುತ್ತಿದ್ದರು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಕ್ಕಳಿಲ್ಲದ ಮನೆ ಅದು. ಅವನಿಗೆ ರೊಟ್ಟಿ ಹಾಕುತ್ತಾ ಕಾಕು ಎಷ್ಟೆಂದು ನೋಡುತ್ತಿರಲಿಲ್ಲ.

ಅವನು ಸುಧಾರಿಸಿದ. ಚುಕ್ಕಿ ಒಂದಾಯಿತು, ಎರಡಾಯಿತು. ಮನೆಯಲ್ಲಿ ಉಂಡವನೆಂದು ಕಾಕಾ ಒಂದು ಎಳೆಯಷ್ಟೂ ಹೆಚ್ಚು ಕೊಡಲಿಲ್ಲ. ಮೂರು ಚುಕ್ಕಿ ಬಂದ ವಾರ ಮಾಲಕ ಅದನ್ನೇ ದೊಡ್ಡದಾಗಿ ಪೋಸ್ಟರಿಗೆ ಹಾಕಿಸಿದ. ಶರಣಪ್ಪ ಪೇಢೆ ತಂದ. ಪೇಢೆ ತಿನ್ನುತ್ತಲೇ ಕೇಳಿದ: "ನಾಕಕ್ಕ ಏನ್ ಕಮ್ಮಿ ಅದಾರಿ ಕಾಕಾ?"

ಆ ದಿನ ನಾನೂ ಅಲ್ಲಿದ್ದೆ. ಕಾಕಾ ಸುಮ್ಮನೆ ಏನೋ ಹೇಳಿ ಮುಗಿಸುವವರಲ್ಲ.

"ನೀ ಬೀಳೂದು ಚಂದ ಐತಿ. ಆದ್ರ ನೀ ಬಿದ್ದಾಗ ನನಗ ಹೆದರಿಕಿ ಆಗೂದಿಲ್ಲ. ಇಂವ ಇನ್ನ ಏಳೂದಿಲ್ಲ ಅಂತ ಒಂದ ಕ್ಷಣ ನನ್ನ ಎದಿ ಝಲ್ ಅನಬೇಕಪಾ."

ಅವರು ಹೇಳಿದ್ದು ಕಣ್ಣಿನ ಬಗ್ಗೆ, ಕೈಯ ಬಗ್ಗೆ, ಬಿದ್ದ ಮೇಲಿನ ಆ ಒಂದು ಗಳಿಗೆಯ ಬಗ್ಗೆ. ನನಗೆ ಹಾಗೇ ತಿಳಿಯಿತು. ಶರಣಪ್ಪ ತಲೆಯಾಡಿಸಿ ಕೈ ತೊಳೆಯಲು ಎದ್ದ. ಅವನು ಅದನ್ನು ಎತ್ತರದ ಲೆಕ್ಕದಲ್ಲಿ ತಿಳಿದುಕೊಂಡನೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಆಟಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಸಂಜೆ, ಇನ್ನೂ ಬೆಳಕಿತ್ತು. ಬಯಲು ತುಂಬಿತ್ತು, ಫ್ಯಾಕ್ಟರಿಗಳ ಜನ ಮೊದಲ ಪಾಳಿ ಮುಗಿಸಿ ಹಾಗೇ ಬಂದಿದ್ದರು. ಶರಣಪ್ಪ ಚೆನ್ನಾಗಿ ಆಡುತ್ತಿದ್ದ. ಎಡಗಾಲಿಗೆ ಪೆಟ್ಟಾದವನಂತೆ ಕುಂಟುತ್ತಿದ್ದ, ಆ ಕುಂಟು ಒಮ್ಮೆಯೂ ಬಲಗಾಲಿಗೆ ಹೋಗಲಿಲ್ಲ. ಕಾಕಾ ಎಂದಿನಂತೆ ಹಿಂದೆ ಹೊರಳಿ ಜನರನ್ನು ನೋಡಲಿಲ್ಲ. ರಿಂಗನ್ನೇ ನೋಡುತ್ತಿದ್ದರು.

ಆಗ ಅವನು ಹಗ್ಗ ದಾಟಿ ಮೂಲೆಯ ಬಿದಿರಿನ ಅಟ್ಟ ಹತ್ತತೊಡಗಿದ. ಸೆಂಟ್ರಿಂಗ್ ಕೆಲಸದವನಿಗೆ ಅಟ್ಟ ಹತ್ತುವುದು ನಡೆದಷ್ಟೇ ಸಲೀಸು. ಕೆಳಗೆ ಎದುರಾಳಿ ಬೆನ್ನ ಮೇಲೆ ಮಲಗಿದ್ದ. ಶರಣಪ್ಪ ತುದಿಗೆ ನಿಂತು, ಎರಡೂ ಕೈ ಎತ್ತಿ ಹಾರಿದ. ಅಷ್ಟು ಎತ್ತರದಿಂದ ಬರುವ ಮೈಯನ್ನು ಕಂಡು ಕೆಳಗಿನವನು ಹೆದರಿ ಮಗ್ಗುಲಾದ. ಶರಣಪ್ಪ ತಲೆಯ ಮೇಲೆ ಬಿದ್ದ. ಪ್ಲೈವುಡ್ಡು ಒಡೆದ ಸದ್ದು ಕೇಳಿಸಿತು.

ಬಯಲಿಗೆ ಬಯಲೇ ಎದ್ದು ನಿಂತು ಸಿಳ್ಳೆ ಹೊಡೆಯಿತು. ಅವನು ಅಲುಗಲಿಲ್ಲ. ಒಂದು ಕಾಲು ಸೊಟ್ಟಗೆ ಮಡಚಿ, ಮುಖವಾಡದೊಳಗಿನ ಕಣ್ಣು ತೆರೆದು, ಹಾಗೇ ಬಿದ್ದಿದ್ದ. ಕಾಕಾ ಕುರ್ಚಿಯಿಂದ ಅರ್ಧ ಎದ್ದು, ನನ್ನ ಮುಂಗೈ ಹಿಡಿದು, ಮೆಲ್ಲಗೆ ಹೇಳಿದರು.

"ಈಗ ಕಲ್ತ ನೋಡು."

ಅವರ ಮುಖದಲ್ಲಿ ಆಗ ಇದ್ದದ್ದು ಸಂತೋಷ. ಅದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಾಳಿ ಮೊಣಕಾಲೂರಿ ಅವನ ಮುಖವಾಡ ಕಿತ್ತು ಅಳಲು ಶುರುಮಾಡಿದಾಗ, ನನ್ನ ಮುಂಗೈಯಿಂದ ಅವರ ಕೈ ಜಾರಿತು. ಜನ ಇನ್ನೂ ಸಿಳ್ಳೆ ಹೊಡೆಯುತ್ತಿದ್ದರು.

ಕುತ್ತಿಗೆಯ ಎಲುಬು ಮುರಿದಿತ್ತು. ಜೀವ ಉಳಿಯಿತು, ಕುತ್ತಿಗೆಯಿಂದ ಕೆಳಗಿನದು ಉಳಿಯಲಿಲ್ಲ.

ಕಾಕಾ ಒಬ್ಬರೇ ಪೊಲೀಸ್ ಚೌಕಿಗೆ ಹೋಗಿ, ರಿಂಗಿನ ಹಲಗೆ ಸರಿಯಿರಲಿಲ್ಲ, ಆ ಅಟ್ಟ ಹತ್ತಲು ಬಿಡಬಾರದಿತ್ತು ಎಂದು ಬರೆದುಕೊಳ್ಳಿರೆಂದರು. ಅಲ್ಲಿದ್ದ ಹವಾಲ್ದಾರ ಒಳ್ಳೆಯ ಮನುಷ್ಯನೇ. ಚಹಾ ತರಿಸಿದ. ಆಮೇಲೆ ನಿಜವಾಗಿಯೂ ಅರ್ಥವಾಗದೆ ಮರಾಠಿಯಲ್ಲಿ ಕೇಳಿದ: "ಆದರೆ ಕಾಕಾ, ಅದೆಲ್ಲ ಸುಳ್ಳೇ ಇರುತ್ತದಲ್ಲ?" ಇವರು ಚಹಾ ಕುಡಿಯದೆ ಎದ್ದು ಬಂದರು. ಮಾಲಕ ಸ್ವಲ್ಪ ದಿನ ಊರಲ್ಲಿರಲಿಲ್ಲ. ಬಂದ ಮೇಲೆ ಅದೇ ಬಯಲಿನಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಸಿದ.

ಆಸ್ಪತ್ರೆಗೆ ನಾವು ಹೋದಾಗ ಶರಣಪ್ಪನಿಗೆ ಮಾತು ಬರುತ್ತಿತ್ತು. ಕಾಕಾರನ್ನು ಕಣ್ಣಿನಲ್ಲೇ ಹತ್ತಿರ ಕರೆದ.

"ಈ ಸಲ ಹೆದರಿಕಿ ಆಯ್ತೇನ್ರಿ ಕಾಕಾ?"

ಕಾಕಾ ಮಂಚದ ಕಂಬಿ ಹಿಡಿದು ನಿಂತಿದ್ದರು. "ಆತಪಾ" ಎಂದರು. "ಭಾಳ ಹೆದರಿಕಿ ಆತು."

ಅವನ ಮುಖ ಸಡಿಲಾಯಿತು. "ಹಂಗಾದ್ರ ಈ ಸಲ ನಾಕು ಬರ್ತದ" ಎಂದ.

ಕಾಕಾ ಅವನ ಚಾದರ ಸರಿಮಾಡಿದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು. "ಹೆದರಿಕಿ ಆಗಲಿಲ್ಲ ತಮ್ಮಾ" ಎಂದರು. "ಅಂವ ಅಲ್ಲಿ ಮುರದ ಬಿದ್ದಿದ್ದ, ನನಗ ಚಂದ ಕಂಡಿತ್ತು. ಇಷ್ಟ ವರ್ಷ ನೋಡಿ ನೋಡಿ ಏನ್ ಕಲ್ತೆ ನಾ?" ನಾನು ಏನೇನೋ ಹೇಳಿದೆ. ಯಾರಿಗೂ ಗೊತ್ತಾಗಲಿಲ್ಲ, ಸಾವಿರಾರು ಜನ ಸಿಳ್ಳೆ ಹೊಡೆಯುತ್ತಿದ್ದರು ಎಂದೆ. "ಅವ್ರು ನೋಡಾಕ ಬಂದಾವ್ರು" ಎಂದರು.

ಅಂಕಣ ಅಲ್ಲಿಗೆ ನಿಂತಿತು. ಸಂಪಾದಕರು, ಇಂಥ ಹೊತ್ತಿನಲ್ಲೇ ಜನ ಓದುತ್ತಾರೆ, ನಾಲ್ಕು ಸಾಲಾದರೂ ಕೊಡಿ ಎಂದು ಹಿಂದೆ ಬಿದ್ದರು. ಕೊಡಲಿಲ್ಲ. ಮಣ್ಣಿನ ಕುಸ್ತಿಯ ವರದಿಯನ್ನೂ ಬಿಟ್ಟರು. ಆದರೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಶರಣಪ್ಪ ಸಂಜೆಯಾದೊಡನೆ ವಾರ್ಡಿನ ಯಾರಿಂದಲಾದರೂ ನಮ್ಮ ಪತ್ರಿಕೆ ತರಿಸಿ, ಕ್ರೀಡಾಪುಟ ಓದಿಸಿಕೊಳ್ಳುತ್ತಿದ್ದನಂತೆ. ತನ್ನದು ಇಂದು ಬರಬಹುದು, ನಾಳೆ ಬರಬಹುದು ಎಂದು. ನರ್ಸ್ ಒಬ್ಬಳಿಂದ ಇದು ಕಾಕಾರಿಗೆ ತಿಳಿಯಿತು. ಬಂದು ಸಂಪಾದಕರಿಗೆ ಹೇಳಿ ಒಂದು ನಾಲ್ಕು ಚುಕ್ಕಿ ಹಾಕಿಸಬಹುದಿತ್ತು. ಮೇಜಿನ ತುದಿಗೆ ಕೂತು, ಕಾಗದ ಮುಂದಿಟ್ಟುಕೊಂಡು ಪ್ರಯತ್ನಪಟ್ಟದ್ದನ್ನು ನಾನೇ ನೋಡಿದ್ದೇನೆ. ಅವರ ಕೈಯಲ್ಲಿ ಆಗಲಿಲ್ಲ.

ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದ ಮೇಲೆ ತಾಯಿ ಅವನನ್ನು ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಅವನು ಕೆಲವು ವರ್ಷ ಬದುಕಿದ. ಕಾಕಾ ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಹೋಗಿ ಬರುತ್ತಿದ್ದರು. ಮನೆಯ ಟಿವಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಮಾತು ಕಡಿಮೆಯಾಗಿತ್ತು. ಏನಾದರೂ ಹೇಗಿದೆ ಎಂದು ಕೇಳಿದರೆ, ಚಹಾದ ಬಗ್ಗೆಯಾದರೂ ಸರಿ, ಉತ್ತರ ಬರುತ್ತಿರಲಿಲ್ಲ. ಕಾಕು ಒಮ್ಮೆ ನನ್ನ ಹತ್ತಿರ, "ಸಾರು ಉಪ್ಪಾದ್ರೂ ಹೇಳಂಗಿಲ್ರಿ ಈಗ" ಎಂದಿದ್ದರು.

ಕೊನೆಯ ಸಲ ಹೋದಾಗ ನಾನೂ ಜೊತೆಗಿದ್ದೆ. ಬೇಸಿಗೆ. ಊರೆಲ್ಲ ಪರಸಿಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಮನೆಗಳು, ಓಣಿಗೂ ಅದೇ ಕಲ್ಲು ಹಾಸು. ಶರಣಪ್ಪ ಕಿಟಕಿಯ ಕೆಳಗೆ ಹೊರಸಿನ ಮೇಲೆ ಮಲಗಿದ್ದ. ಅಷ್ಟು ದೊಡ್ಡ ಮೈ ಚಾದರದ ಕೆಳಗೆ ಎಲ್ಲಿ ಹೋಯಿತೆಂದು ತಿಳಿಯದಂತೆ ಇಳಿದಿತ್ತು. ಕಾಕಾರನ್ನು ಕಂಡು ನಕ್ಕ. ಹಳೆಯ ಪಂದ್ಯಗಳನ್ನು ಹೇಳಿರೆಂದು ಹಟ ಹಿಡಿದ. ಅವರು ಹೇಳುತ್ತಾ ಹೋದರು, ಮಧ್ಯೆ ಎದ್ದು ಬಿದ್ದು ತೋರಿಸಿದರು ಕೂಡ. ಅವನು ಕೊರಳೆತ್ತಲಾಗದೆ ಕಣ್ಣು ಮಾತ್ರ ಹೊರಳಿಸಿ ನೋಡುತ್ತಿದ್ದ, ಕೇಕೆ ಹಾಕಿ ನಗುತ್ತಿದ್ದ. ನಾವು ಹೊರಡುವಾಗ, ದೀಪಾವಳಿಗೆ ಬರಲೇಬೇಕೆಂದು ಮಾತು ತೆಗೆದುಕೊಂಡ.

ತಾಯಿ ನಮ್ಮ ಹಿಂದೆಯೇ ಹೊರಗೆ ಬಂದಳು. ಗೋಡೆಯ ಮಗ್ಗುಲಿಗೆ ನಿಲ್ಲಿಸಿ, ಸೆರಗಿನ ತುದಿ ಹಿಡಿದುಕೊಂಡು ಮೆಲುದನಿಯಲ್ಲಿ ಹೇಳಿದಳು.

"ಸಾಹೇಬ್ರ, ಒಂದ್ ಮಾತ್ರಿ. ಸಿಟ್ಟ್ ಮಾಡ್ಕೋಬ್ಯಾಡ್ರಿ. ನೀವ್ ಇದ್ದಾಗ ಹಿಂಗ ನಗ್ತಾನ. ಹೋದ ಮ್ಯಾಲ ಊಟ ಬಿಡ್ತಾನ್ರಿ. ಯವ್ವಾ ನನ್ನ ಎಬ್ಸು, ನಿಂದ್ರಸು ಅಂತ ಚೀರ್ತಾನ. ಆಮ್ಯಾಲ ಮಾರಿ ಗ್ವಾಡಿ ಕಡಿ ಹೊಳ್ಳಸಂತಾನ, ಎಷ್ಟೋ ದಿನ ಈ ಕಡಿ ನೋಡಲ್ಲ. ನನ್ನ ಕೈಲಿ ಆಗಲ್ರಿ. ಇನ್ನ ಬರಬ್ಯಾಡ್ರಿ."

ಕಾಕಾ ಅವಳನ್ನು ನೋಡಿದರು.

"ಆತವ್ವಾ" ಎಂದರು.

ಅಷ್ಟರಲ್ಲಿ ಗೋಡೆಯ ಆಚೆ ತುದಿಯ ಕಿಟಕಿಯಿಂದ ಅವನ ದನಿ ಬಂತು. "ಯವ್ವಾ, ಕಾಕಾರು ಹೋದ್ರಾ?"

ತಾಯಿ ಕಾಕಾರ ಮುಖವನ್ನೇ ನೋಡುತ್ತಾ, ದನಿಯೇರಿಸಿ ಒಳಗೆ ಕೇಳುವಂತೆ ಹೇಳಿದಳು. "ಹೋದ್ರಪ್ಪಾ. ಬಸ್ ಸಿಕ್ತು ಅವ್ರಿಗಿ."

ಒಂದು ಹೆಜ್ಜೆ ಇಟ್ಟರೂ ಕಲ್ಲಿನ ಮೇಲೆ ಚಪ್ಪಲಿ ಸದ್ದಾಗುತ್ತಿತ್ತು. ಕಾಕಾ ಗೋಡೆಗೆ ಕೈಯೂರಿ ಬಗ್ಗಿ, ಒಂದೊಂದಾಗಿ ಎರಡೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆ ಮಧ್ಯಾಹ್ನದ ಕಾದ ಪರಸಿಯ ಮೇಲೆ ಬರಿಗಾಲಲ್ಲಿ, ಸದ್ದಾಗದಂತೆ ಓಣಿಯ ತಿರುವಿನವರೆಗೆ ನಡೆದರು. ನಾನೂ ಚಪ್ಪಲಿ ಬಿಚ್ಚಿಕೊಂಡು ಹಿಂದೆ ಹೋದೆ. ದೀಪಾವಳಿಗೆ ಅವರು ಹೋಗಲಿಲ್ಲ.